ಬದನಿಕೆಯ ನೀರು

“ನಿಮ್ಮಪ್ಪ ತುಂಬಿಸಿಟ್ಟಿದ್ದಾ ನೀರು? ಬಾಟ್ಲಿ ಕೆಳಗಿಡೇ, ಬೇವರ್ಸಿ!”

ಹನುಮವ್ವನ ಕೈಯಲ್ಲಿದ್ದ ಬಾಟಲಿ ಅರ್ಧ ತುಂಬಿತ್ತು. ಕಂಪನಿಯ ಲಾಬಿಯಲ್ಲಿ ನಿಲ್ಲಿಸಿದ್ದ ಸಿಮೆಂಟಿನ ಮರ, ಅದರ ಮೇಲೆ ಒಂದು ಕಾಡು ಆರ್ಕಿಡ್, ಬುಡದಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಅವಳು ಆ ಕ್ಯಾನನ್ನು ವಾರೆ ಮಾಡಿ ನೀರು ಹಿಡಿಯುತ್ತಿದ್ದುದು ಸೂಪರ್‌ವೈಸರ್ ರುದ್ರೇಶನ ಕಣ್ಣಿಗೆ ಬಿದ್ದಿತ್ತು.

“ಸವಿತಾಗ ಮೂರ್ ದಿನದಿಂದ ವಾಂತಿ ಭೇದಿ ಹತ್ತೈತ್ರಿ ಸರ್ರ. ನಮ್ಮ ನಳದ ನೀರು ನಾರ್ತೈತಿ ಅಂತ ಬಾಯಿಗೇ ಹಚ್ಚವಲ್ಲಳು. ಒಂದೀಟು ಈ ನೀರು...”

“ಗಿಡದ ನೀರಿಗೇ ಕೈ ಹಾಕ್ತೀಯಾ? ಆರ್ಕಿಡ್‌ಗೆ ಮಾತ್ರ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?”

ಅವಳು ಬಾಟಲಿಯ ನೀರನ್ನು ಕ್ಯಾನಿಗೇ ಸುರಿಯಲು ಬಗ್ಗಿದಳು.

“ಥೂ! ನಿನ್ನ ಎಂಜಲು ಬಾಟ್ಲಿ ಕಣೇ ಅದು. ವಾಪಸ್ ಹಾಕ್ಬೇಡ, ಆಚೆ ಹೋಗಿ ಚೆಲ್ಲು.”

ಮೆಟ್ಟಿಲ ಪಕ್ಕದ ಚರಂಡಿಗೆ ಅವಳು ನೀರು ಚೆಲ್ಲಿ ಬಂದಳು. ಬರುವಷ್ಟರಲ್ಲಿ ರುದ್ರೇಶ್ ಎಸೆದ ಒಂದು ಬಟ್ಟೆ ಅವಳ ಕಾಲ ಬಳಿ ಬಂದು ಬಿತ್ತು. ನೆಲದ ಮೇಲೆ ಎರಡು ಹನಿ ಬಿದ್ದಿದ್ದವು. ಮಂಡಿಯೂರಿ ಒರೆಸಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. ರಿಸೆಪ್ಷನ್ನಿನ ಇಬ್ಬರು ಹುಡುಗಿಯರು ಕಂಪ್ಯೂಟರಿನಲ್ಲಿ ಏನನ್ನೋ ಹುಡುಕುವವರಂತೆ ಮುಖ ಹುದುಗಿಸಿದರು. ಪಾಪ, ಅವರಿಗೂ ನಾಚಿಕೆಯಾಗಿರಬೇಕು.

ಆ ಗಿಡ ಅಲ್ಲಿಗೆ ಬಂದದ್ದೇ ಹನುಮವ್ವನ ಕೈಯಿಂದ. ಕೊಪ್ಪಳದ ಕಡೆಯ ಹನ್ನೊಂದು ಹೆಂಗಸರು ಪಟ್ಟಂದೂರು ಅಗ್ರಹಾರದ ತಗಡಿನ ಕೋಣೆಗಳಲ್ಲಿದ್ದುಕೊಂಡು ಈ ಕಂಪನಿಯ ತೋಟ ನೋಡಿಕೊಳ್ಳುತ್ತಿದ್ದರು. ಅವರು ಬಂದಾಗ ಕಾಂಪೌಂಡಿನೊಳಗೆ ಊರಿನ ಹಳೆಯ ಗುಂಡುತೋಪಿನ ಒಂದು ಮಾವಿನ ಮರ ಇನ್ನೂ ಉಳಿದಿತ್ತು. ಅವರು ಬುತ್ತಿ ಬಿಚ್ಚುತ್ತಿದ್ದುದು ಅದರ ನೆರಳಿನಲ್ಲಿ. ಮರದ ಕವಲುಗಳಲ್ಲಿ ಮೂರು ಆರ್ಕಿಡ್ ಗಿಡಗಳಿದ್ದವು. ದಪ್ಪ ಬಿಳಿ ಬೇರುಗಳಿಂದ ತೊಗಟೆಯನ್ನು ತಬ್ಬಿಕೊಂಡು, ಬೇಸಿಗೆಯಲ್ಲಿ ಕಂದು ಗೆರೆಯ ಹಳದಿ ಹೂ ಬಿಡುತ್ತಿದ್ದವು, ನಡುವೆ ನೇರಳೆ ನಾಲಗೆ. ಕಟ್ಟಡದ ತಳದಲ್ಲಿ ಕೊಳಚೆ ನೀರಿನ ಘಟಕ ನಡೆಸುತ್ತಿದ್ದ ಚಿಕ್ಕಮುನಿಯಪ್ಪ ಆ ಊರಿನವನೇ. ಅವನು ಅದನ್ನು ಬದನಿಕೆ ಎನ್ನುತ್ತಿದ್ದ.

“ಎಲ್ರೂ ಇದು ಮರದ ರಸ ಹೀರ್ತದೆ ಅಂತಾರೆ, ಸುಳ್ಳು ಕಣವ್ವ. ಗಾಳಿ, ಮಂಜು, ಮಳೆ ನೀರು, ಅಷ್ಟೇಯ. ಯಾರ್ ಹಂಗಿನಾಗೂ ಇಲ್ಲ ಇದು.”

ಕಾರು ನಿಲ್ಲಿಸಲು ಜಾಗ ಸಾಲದೆಂದು ಮರ ಕಡಿಸಿದರು. ಗರಗಸ ಬರುವ ಮುನ್ನ ಮೇಲೆ ಹತ್ತಿ, ಅರ್ಧ ದಿನ ಕೊಂಬೆಯ ಮೇಲೆ ಕೂತು, ಒಂದು ಬೇರೂ ಮುರಿಯದಂತೆ ಮೂರನ್ನೂ ಬಿಡಿಸಿ ಇಳಿಸಿದವಳು ಹನುಮವ್ವ. ಕಂಪನಿ ಅವುಗಳಿಗೆ ಸಿಮೆಂಟಿನ ಮರ ಕಟ್ಟಿಸಿ ಕಂದು ಬಣ್ಣ ಬಳಿಸಿತು. ಗಂಟೆಗೊಮ್ಮೆ ಮಂಜು ಉಗುಳುವ ಯಂತ್ರ ಇಡಿಸಿತು, ಸ್ಪೀಕರಿನಲ್ಲಿ ಹಕ್ಕಿ ಕೂಗಿಸಿತು, ‘ನೈಸರ್ಗಿಕ ಆವಾಸ’ ಎಂದು ಹಿತ್ತಾಳೆಯ ಫಲಕ ಹಾಕಿಸಿತು. ನಿಜವಾದ ಮರದ ಬುಡ ಹೊರಗೆ ಕಾರುಗಳ ನಡುವೆ ಎಣ್ಣೆ ಮೆತ್ತಿಕೊಂಡು ಬಿದ್ದಿರುವಾಗ ಒಳಗೆ ಇಂಥ ಫಲಕ ಹೊಡೆಸಲು ಎಂಥ ಮುಖ ಬೇಕೋ! ತೋಟದ ಪೈಪಿನ ನೀರಿಗೆ ಎರಡು ಗಿಡ ಕೊಳೆತು ನಾರಿದವು. ಉಳಿದ ಒಂದಕ್ಕೆ ದೊಡ್ಡ ಅಧಿಕಾರಿ ಶಿವಾನಿ ಮೇಡಂ ಶುದ್ಧ ನೀರಿನ ಕ್ಯಾನು ಗೊತ್ತುಮಾಡಿದರು. ಮಂಜಿನ ಯಂತ್ರಕ್ಕೂ ಅದರದೇ ನೀರು.

ಬರಿಗೈಯಲ್ಲಿ ಹನುಮವ್ವ ತೋಟದ ಶೆಡ್ಡಿಗೆ ಬಂದಳು. ಅವಳ ತಂಗಿಯ ಮಗಳು ಸವಿತಾ ಗೊಬ್ಬರದ ಚೀಲದ ಮೇಲೆ ಮುದುಡಿ ಬಿದ್ದಿದ್ದಳು. ಹತ್ತೊಂಬತ್ತರ ಹುಡುಗಿ, ಕಣ್ಣು ಗುಳಿಬಿದ್ದು ತುಟಿ ಒಡೆದಿತ್ತು. ಬೇರೆ ದಾರಿ ಕಾಣದೆ ಹನುಮವ್ವ ಪಕ್ಕದ ನಲ್ಲಿಯಿಂದಲೇ ಒಂದು ಚೊಂಬು ತುಂಬಿ ತಂದು ಅವಳ ತಲೆ ಎತ್ತಿ ಹಿಡಿದಳು.

“ಒಂದ್ ಗುಟುಕು ಕುಡಿಯವ್ವಾ. ಮೂಗು ಹಿಡ್ಕೊಂಡು ಕುಡಿ.”

ಸಲಿಕೆ ಕೇಳಲು ಬಂದ ಚಿಕ್ಕಮುನಿಯಪ್ಪ ಬಾಗಿಲಲ್ಲೇ ನಿಂತ.

“ಅಯ್ಯಯ್ಯೋ, ಯಾವ ನಲ್ಲಿ ನೀರವ್ವ ಅದು?”

“ಇದ ನಳದ್ದು. ಫಿಲ್ಟರ್ ನೀರು, ಕುಡೀರಿ ಅಂತ ಬಂದ ದಿನಾನ ರುದ್ರೇಶ್ ಸರ್ರು ಹೇಳ್ಯಾರಲ್ಲ.”

“ಅವನ್ ಬಾಯ್ಗೆ ಹುಳ ಬೀಳ! ಮೇಲ್ನೋರ ಕಕ್ಕಸು ನೀರು ಕಣವ್ವ ಅದು. ನಾನೇ ಅಲ್ವಾ ಕೆಳಗಿಂದ ಪಂಪ್ ಮಾಡೋದು? ಕರೆಂಟು ಉಳ್ಸಕ್ಕೆ ಆ ಹೊಲಸು ಕಳ್ಯೋ ಗಾಳಿ ಮಿಷಿನ್ನೂ ನಿಲ್ಸವ್ರೆ. ಕುಡೀಬ್ಯಾಡಿ ಅಂತ ಬೋರ್ಡ್ ಹಾಕವ್ರಲ್ಲವ್ವ, ನೋಡ್ಲಿಲ್ವಾ?”

ಬೋರ್ಡು ಇತ್ತು. ಇಂಗ್ಲಿಷಿನಲ್ಲಿತ್ತು. ಅದನ್ನು ಹೊಡೆದಿದ್ದ ಮೊಳೆಗೆ ಹನ್ನೊಂದು ಹೆಂಗಸರೂ ನಾಲ್ಕು ತಿಂಗಳಿಂದ ತಮ್ಮ ಬುತ್ತಿಚೀಲ ನೇತುಹಾಕುತ್ತಿದ್ದರು.

ಅದೇ ನೀರು ಕುಡಿದದ್ದು. ಅದರಲ್ಲೇ ಬಾಯಿ ಮುಕ್ಕಳಿಸಿದ್ದು, ಕಟಕು ರೊಟ್ಟಿ ನೆನೆಸಿಕೊಂಡು ತಿಂದದ್ದು. ಹನುಮವ್ವ ಶೆಡ್ಡಿನ ಹಿಂದೆ ಓಡಿ ಬೆಳಗ್ಗೆ ತಿಂದದ್ದನ್ನೆಲ್ಲ ಕಾರಿಕೊಂಡಳು. ಬಾಯಿ ತೊಳೆಯಲು ಕೈ ರೂಢಿಯಂತೆ ಅದೇ ನಲ್ಲಿಗೆ ಹೋಯಿತು. ಕೆಂಡ ಮುಟ್ಟಿದವಳಂತೆ ಹಿಂದೆಗೆದಳು. ತನ್ನ ನಾಲಗೆಯೇ ಅವಳಿಗೆ ಹೇಸಿಗೆಯಾಯಿತು. ಇವರ ಹೊಲಸು ಕುಡಿಸಿ, ಮೇಲೆ ತನ್ನ ಬಾಟಲಿ ಎಂಜಲಂತೆ! ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಬಂದಳು.

“ಯಜ್ಜಾ, ಇಕಿನ್ನ ದವಾಖಾನಿಗೆ ಒಯ್ಯಾಕ ಒಂದ್ ಆಟೋ ತಗೊಂಬರ್ರಿ. ನಾ ಈಗ ಬಂದೆ.”

ತುಂಬಿದ ಚೊಂಬನ್ನು ಎತ್ತಿಕೊಂಡು ಹೊರಟಳು.

ಲಾಬಿಯಲ್ಲಿ ಆಗಲೇ ಸೂಟು ತೊಟ್ಟ ಐದಾರು ಅತಿಥಿಗಳಿದ್ದರು. ಶಿವಾನಿ ಮೇಡಂ ಗಿಡ ತೋರಿಸುತ್ತಿದ್ದರು.

“ಇದು ಇಲ್ಲಿಂದೇ, ವೈಲ್ಡ್ ಆರ್ಕಿಡ್. ತುಂಬಾ ಸೆನ್ಸಿಟಿವ್. ಗಾರ್ಡನ್ ನೀರು ಹಾಕಿದ್ರೆ ಒಂದೇ ವಾರಕ್ಕೆ ಹೋಗ್ಬಿಡುತ್ತೆ. ಇದರ ನೀರನ್ನ ಪ್ರತಿ ತಿಂಗಳು ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸ್ತೀವಿ.”

ಕೆಸರುಗಾಲಿನಲ್ಲೇ ಹನುಮವ್ವ ಅವರ ನಡುವೆ ನುಗ್ಗಿ ಬಂದು ಚೊಂಬನ್ನು ಗಿಡದ ಮೇಲೆ ಎತ್ತಿ ಹಿಡಿದಳು.

“ಏಯ್! ಯಾವ ನೀರೇ ಅದು?” ರುದ್ರೇಶ್ ಓಡಿಬಂದ.

“ನಮ್ಮ ನಳದ್ದು. ನೀವ ಹೇಳಿದ್ರಲ್ಲ, ಫಿಲ್ಟರ್ ನೀರು.”

“ಬೇಡ! ಹಾಕ್ಬೇಡ, ಪ್ಲೀಸ್! ಸತ್ತೋಗುತ್ತೆ ಅದು!” ಶಿವಾನಿ ಮೇಡಂ ಕಿರುಚಿಕೊಂಡು ಎರಡೂ ಕೈ ಚಾಚಿ ಗಿಡಕ್ಕೆ ಅಡ್ಡ ನಿಂತರು.

ಮೂರು ದಿನದಿಂದ ಸವಿತಾ ಬಿದ್ದಲ್ಲೇ ಬಿದ್ದಿದ್ದಳು. ಅವಳಿಗಾಗಿ ಆ ಕಟ್ಟಡದಲ್ಲಿ ಯಾರೂ ಇಷ್ಟು ಗಟ್ಟಿಯಾಗಿ ಕೂಗಿರಲಿಲ್ಲ.

ಹನುಮವ್ವ ಚೊಂಬನ್ನು ಗಿಡದ ಮೇಲಿಂದ ತೆಗೆದಳು. ಅದಕ್ಕೆ ಸುರಿಯುವ ಮನಸ್ಸು ಅವಳಿಗೆ ಇರಲೇ ಇಲ್ಲ. ರುದ್ರೇಶನ ಕೈ ಹಿಡಿದೆಳೆದು ಚೊಂಬನ್ನು ಅದರಲ್ಲಿ ತುರುಕಿದಳು.

“ಗಿಡ ಸಾಯ್ತದಂತ, ಗಿಡ! ಹನ್ನೊಂದು ಮಂದಿ ಹೆಣ್ಮಕ್ಕಳಿಗೆ ನಾಕ್ ತಿಂಗಳು ಕುಡಿಸಿದೆಲ್ಲೋ ಭಾಡ್ಯಾ, ಒಂದ್ ಗುಟುಕು ನೀ ಕುಡಿ ನೋಡೂಣು. ಕುಡಿಯೋ!”

ಸ್ಪೀಕರಿನ ಹಕ್ಕಿ ಕೂಗುತ್ತಲೇ ಇತ್ತು. ಅತಿಥಿಗಳಲ್ಲೊಬ್ಬ ಚೊಂಬಿನಿಂದ ಎರಡು ಹೆಜ್ಜೆ ದೂರ ಸರಿದು ಮೂಗು ಮುಚ್ಚಿಕೊಂಡ.

“ಮೇಡಂ, ಇವ್ಳಿಗೆ ತಲೆ ಕೆಟ್ಟಿದೆ...” ಎಂದ ರುದ್ರೇಶ್. ಚೊಂಬು ಮಾತ್ರ ಬಾಯಿಯ ಹತ್ತಿರ ಹೋಗಲಿಲ್ಲ.

“ಹನುಮವ್ವ, ಇದನ್ನ ಆಮೇಲೆ ಒಳಗೆ ಮಾತಾಡೋಣ. ಗೆಸ್ಟ್ ಇದಾರೆ,” ಎಂದರು ಮೇಡಂ.

ಹನುಮವ್ವ ಬಗ್ಗಿ, ಯಂತ್ರದ ಪೈಪನ್ನು ಕಿತ್ತೆಸೆದು, ಕ್ಯಾನನ್ನು ಎತ್ತಿ ಸೊಂಟಕ್ಕೇರಿಸಿದಳು.

“ಏಯ್, ಕಳ್ಳತನ ಕಣೇ ಇದು! ಪೊಲೀಸ್‌ಗೆ ಫೋನ್ ಮಾಡ್ತೀನಿ!”

“ಮಾಡು. ಅವರು ಬರೂತನ ಆ ಚೊಂಬು ಹಿಡ್ಕೊಂಡ ನಿಂದ್ರು, ಅವರಿಗೂ ಒಂದೀಟು ಕೊಡು. ಚೆಲ್ಲಿದ್ರ ನೀನ ಒರಸು.”

ಆಗ ನೆಲ ಒರೆಸಿದ ಬಟ್ಟೆ ಇನ್ನೂ ಅವಳ ಹೆಗಲ ಮೇಲಿತ್ತು. ಅದನ್ನು ಅವನ ಕಾಲ ಬಳಿ ಎಸೆದು ನಡೆದಳು. ಬಾಗಿಲ ಕಾವಲಿನವನು ತಡೆಯಲು ಕೈ ಎತ್ತಿದವನು ಅವಳ ಮುಖ ನೋಡಿ ಬಾಗಿಲು ತೆರೆದ. ಹೊಸ್ತಿಲಲ್ಲಿ ಅವಳು ಒಮ್ಮೆ ತಿರುಗಿದಳು. ಗಂಟೆಯಾಗಿತ್ತು. ಸಿಮೆಂಟಿನ ಮರದ ಮೇಲಿನ ಯಂತ್ರ ಮಂಜು ಉಗುಳಲು ಹೋಗಿ ಬರೀ ಗಾಳಿ ಕೆಮ್ಮುತ್ತಿತ್ತು. ರುದ್ರೇಶ್ ತುಂಬಿದ ಚೊಂಬು ಹಿಡಿದು ಒಮ್ಮೆ ಗಿಡವನ್ನು, ಒಮ್ಮೆ ನೆಲವನ್ನು, ಒಮ್ಮೆ ಮೇಡಂ ಮುಖವನ್ನು ನೋಡುತ್ತ, ಎಲ್ಲಿ ಚೆಲ್ಲುವುದೆಂದು ತಿಳಿಯದೆ ನಿಂತಿದ್ದ.