ಚೀಲ ಮುರಿದು ಅರವತ್ತೊಂಬತ್ತು

ಒದೆಯಿಂದ ಶುರು ಮಾಡಲೋ, ತೂಕದಿಂದಲೋ? ಒದೆ ಅಂದರೆ ಓದುತ್ತೀರಿ. ತೂಕ ಅಂದರೆ ಪುಟ ತಿರುಗಿಸುತ್ತೀರಿ. (ತಿರುಗಿಸಬ್ಯಾಡ್ರಿ, ಒದೆ ಬರುತ್ತೆ.)

೧
ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿ. ಅಲ್ಲಿ ಮಂಡಕ್ಕಿ ಪ್ಯಾಕ್ ಮಾಡುವ ಬಿಂದು ಬೆಣ್ಣೆದೋಸೆ ಬಿಟ್ಟು ತಿಂಗಳಾಯಿತು. ಈ ಊರಲ್ಲಿ ಹುಟ್ಟಿ ದೋಸೆ ಬಿಟ್ಟರೆ ಮನೆಯವರು ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಅವಳಿಗೆ ಜ್ವರವಿಲ್ಲ. ಭಾನುವಾರ ಹರಿಹರಕ್ಕೆ ಹೋಗಿ ದೊಡ್ಡಪ್ಪನ ಮಗ ರಾಘವೇಂದ್ರನಿಗೆ ಒಂದು ಮಾತು ಹೇಳಬೇಕಿದೆ. ಏನು ಮಾತು? ಅದಕ್ಕೆ ಟಿವಿ ಹಾಕಬೇಕು.

೨
ಹಾಕಿದೆ. ಹತ್ತು ವರ್ಷದ ಹಿಂದೆ, ದೊಡ್ಡಪ್ಪನ ಮನೆಯ ಕಪ್ಪು-ಬಿಳುಪು ಟಿವಿ. ಅದರೊಳಗೆ ಹಾರಿ ಹಾರಿ ಒದೆಯುವ ಒಬ್ಬ. ಚೀನಾದವನೋ ಜಪಾನಿನವನೋ, ನಮ್ಮ ಬೀದಿಗೆ ಅವನು ‘ಪಟ್ಟಿಯಣ್ಣ’. ಸೊಂಟದ ಪಟ್ಟಿಯ ತುದಿ ಹಾರಾಡಿತೋ, ಕಳ್ಳರು ನೆಲಕ್ಕೆ. ಪಟ್ಟಿ ಕೆಂಪೋ ಹಸಿರೋ ಎಂದು ನಮಗೆ ಮಾತು ಬಿಡುವಷ್ಟು ಜಗಳ. (ನಾನು ಹಸಿರಿನ ಕಡೆ.)

ಸರಿಯಾಗಿ ಕೊನೆಯ ಫೈಟಿಂಗಿಗೆ ಕರೆಂಟ್ ಹೋಗುತ್ತಿತ್ತು. ಉಳಿದದ್ದನ್ನು ಅಂಗಳದಲ್ಲಿ ನಾವೇ ಆಡಿ ಮುಗಿಸಬೇಕು. ರಾಘವೇಂದ್ರ ಯಾವಾಗಲೂ ಹೀರೋ. ಬಿಂದು ಯಾವಾಗಲೂ ಕಳ್ಳರ ಸರದಾರ.

“ಬೀಳೇ ಡುಮ್ಮಿ! ನೀ ಬಿದ್ರೇನೇ ಸೌಂಡ್ ಬರೋದು!”

ದೊಡ್ಡಪ್ಪನ ಟವೆಲು ಅವಳ ಸೊಂಟ ಸುತ್ತಿದರೆ ಗಂಟಿಗೇ ಮುಗಿಯುತ್ತಿತ್ತು. ಹಾರಾಡಲು ತುದಿಯೇ ಉಳಿಯುತ್ತಿರಲಿಲ್ಲ.

ಈಗ ರಾಘವೇಂದ್ರ ಕರಾಟೆ ಕ್ಲಾಸ್ ನಡೆಸುತ್ತಾನೆ. ಭಾನುವಾರ ಹುಡುಗರ ಮುಂದೆ ಡೆಮೋ. ಬೀಳುವುದಕ್ಕೆ ಮತ್ತೆ ಬಿಂದುವನ್ನೇ ಕರೆದಿದ್ದಾನೆ. ಅವಳು ಹೇಳಬೇಕಾದ ಮಾತು ಇಷ್ಟೇ: “ಈ ಸಲ ನೀ ಬೀಳಣ್ಣ.”

೩
(ಈ ಭಾಗ ಬರೆದು ಹರಿದು ಹಾಕಿದೆ. ಅದರಲ್ಲಿ ಬಿಂದು ಬಳ್ಳಿಯಂತೆ ಬಳುಕುತ್ತಾ ಬಸ್ಸಿಳಿಯುತ್ತಿದ್ದಳು. “ಯಾರಕ್ಕ ಅವಳು?” ಎಂದು ಬಿಂದುವೇ ನನ್ನನ್ನು ಕೇಳಿದಳು.)

೪
ಭಟ್ಟಿಯಲ್ಲಿ ಭತ್ತದ ಚೀಲ ತೂಗುವ ದೊಡ್ಡ ಕಾಟ ಇದೆ. ಅದರ ಯಜಮಾನಿಕೆ ಹಯಾತ್ ಸಾಬರದು. ಹೋದ ತಿಂಗಳು ಬಿಂದು ಅದರ ಮೇಲೆ ನಿಂತಾಗ ಎಪ್ಪತ್ತೆರಡು. ಶನಿವಾರ ಮತ್ತೆ ನಿಂತಳು, ಉಸಿರು ಹಿಡಿದು.

“ಅರವತ್ತೊಂಬತ್ತು,” ಎಂದರು ಸಾಬರು.

ಬಿಂದು ಹಾರಿದಳು. ಮಂಡಕ್ಕಿ ರಾಶಿ ನಡುಗಿತು.

“ಚೀಲ ಮುರಿದು,” ಎಂದು ಸೇರಿಸಿದರು.

“ಯಾವ ಚೀಲ ಸಾಬ್ರೇ?”

“ಗೋಣಿಚೀಲದ್ದು ಒಂದು ಕೆಜಿ ಮುರಿಯೋದು ರೂಢಿ ಐತಲ್ಲವ್ವ.”

“ನಾ ಎಲ್ಲಿ ಗೋಣಿ ಹಾಕ್ಕೊಂಡೀನ್ರಿ!”

ಸಾಬರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಹೌದಲ್ಲ,” ಎಂದರು.

೫
ಇಲ್ಲಿ ಕಥೆ ಮುಗಿಸಿದ್ದೆ. ಮುರಿದ ಒಂದು ಕೆಜಿ ವಾಪಸ್ ಬಂತೆಂದು ಅಳುತ್ತಾ ಇಳಿದಳು, ಹರಿಹರಕ್ಕೆ ಹೋಗಲಿಲ್ಲ, ಎಂದು. ಬರೆದು ನನಗೇ ಕಣ್ಣು ತುಂಬಿತ್ತು. ಬಿಂದು ನನ್ನ ಪೆನ್ನು ಹಿಡಿದು ನಿಲ್ಲಿಸಿದಳು.

“ಏ ಅಕ್ಕ, ಲೆಕ್ಕ ಬರಲ್ವ ನಿನಗೆ? ಹೋದ ತಿಂಗ್ಳೂ ಚೀಲ ಮುರಿದಿದ್ರಾ ಕೇಳು.”

“ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಕಣೆ.”

“ಕೇಳು ಅಂದೆ.”

ಕೇಳಿದೆ. “ಮುರೀದೆ ತೂಗೋದು ನನ್ ಕೈಗೇ ಬರಲ್ಲ,” ಎಂದರು ಸಾಬರು. ಅಂದರೆ ಆಗ ಎಪ್ಪತ್ಮೂರು, ಈಗ ಎಪ್ಪತ್ತು. ಹೋದ ಮೂರು ಕೆಜಿ ಹೋದದ್ದೇ! ಬಿಂದು ಇನ್ನೊಮ್ಮೆ ಹಾರಿದಳು. ನಾನೂ ಹಾರಿದೆ. (ನನ್ನ ತೂಕ ಕೇಳಬ್ಯಾಡ್ರಿ.)

೬
ಭಾನುವಾರ, ಹರಿಹರ, ದೊಡ್ಡಪ್ಪನ ಅಂಗಳ. ಮೂರು ಅಂತ್ಯ ತಂದಿದ್ದೇನೆ.

ಅ) ಬಿಂದು ಸುಮ್ಮನೆ ಬೀಳುತ್ತಾಳೆ. ಸೌಂಡ್ ಚೆನ್ನಾಗಿ ಬರುತ್ತದೆ.
ಆ) ಹೇಳುತ್ತಾಳೆ. ರಾಘವೇಂದ್ರ ನಗುತ್ತಾನೆ. ಬೀಳುತ್ತಾಳೆ.

“ಎರಡರಲ್ಲೂ ನಾನೇ ಬೀಳ್ತೀನಿ,” ಎಂದಳು ಬಿಂದು. “ಮಂದಿ ಮುಂದೆ ನಿನಗೆ ಬಾಯಿ ಬರಲ್ಲ ಅಂತ ನನ್ನ ಬಾಯಿ ಯಾಕ ಹೊಲೀತಿ?”

ಎರಡನ್ನೂ ಹೊಡೆದು ಹಾಕಿದೆ. ಅಷ್ಟರಲ್ಲಿ ರಾಘವೇಂದ್ರ ಕೂಗಿದ: “ಬಾರೇ ಡುಮ್ಮಿ, ಹುಡುಗ್ರು ಕಾಯ್ತಾವೆ!”

ಬಿಂದು ದುಪಟ್ಟಾ ತೆಗೆದು ಸೊಂಟಕ್ಕೆ ಸುತ್ತಿದಳು. ಬಿಗಿದು ಗಂಟು ಹಾಕಿದಳು. ಎರಡೂ ಕಡೆ ತುದಿ ಉಳಿಯಿತು. ನದಿ ಕಡೆಯ ಗಾಳಿಗೆ ಹಾರಾಡಿತು. (ಹಸಿರು. ಮೊದಲೇ ಹೇಳಿದ್ದೆ.)

“ಈ ಸಲ ನೀ ಬೀಳಣ್ಣ,” ಎಂದಳು. ಹುಡುಗರೆಲ್ಲ ಹೋ ಎಂದರು. ರಾಘವೇಂದ್ರ ಬಾಯಿ ತೆರೆದ. ಬಿಂದು ಕಾಲೆತ್ತಿದಳು.

ಇ)
ಕರೆಂಟ್ ಹೋಯಿತು. ನಿಜವಾಗಲೂ, ನಾನು ಬರೆಯುವ ಮನೆಯಲ್ಲಿ. ಕತ್ತಲಲ್ಲಿ ಇಷ್ಟೇ ಕಾಣುವುದು. ಮುಂದಿನದನ್ನು ಎಲ್ಲಿ ಆಡಿ ಮುಗಿಸುವುದು ಅಂತ ನಿಮಗೆ ಗೊತ್ತಲ್ಲ, ಏಳ್ರಿ, ಅಂಗಳಕ್ಕೆ ಬರ್ರಿ. ಹೀರೋ ಪಾತ್ರ ಮಾತ್ರ ಕೇಳಬ್ಯಾಡ್ರಿ, ಅದು ಖಾಲಿ ಇಲ್ಲ.