ಹುರುಳಿ ಹಾಸಿದ ರಸ್ತೆ

ಪೊಲೀಸರು ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ. ಡ್ರೈವರ್ ಕುಡಿದಿದ್ದನಾ? ಇಲ್ಲ. ಕೈಯಲ್ಲಿ ಫೋನ್ ಹಿಡಿದಿದ್ದನಾ? ಇಲ್ಲ. ಜೋರಾಗಿ ಓಡಿಸುತ್ತಿದ್ದನಾ? ಅದೂ ಇಲ್ಲ. ಮತ್ತೆ ಹೇಗಮ್ಮ ಆಯಿತು ಎಂದು ನನ್ನನ್ನೇ ಗದರಿದರು. ಆ ಹೊತ್ತಿನಲ್ಲಿ ಅವನ ತಲೆಯೊಳಗೆ ಏನೇನಿತ್ತು ಅಂತ ಕೇಳಿದ್ದರೆ ಹೇಳುತ್ತಿದ್ದೆ. ಅದನ್ನು ಯಾರೂ ಕೇಳಲಿಲ್ಲ.

ಡ್ರೈವರ್ ಎಂದರೆ ನಮ್ಮ ಪಕ್ಕದ ಮನೆಯ ಕದಿರೇಶ್. ದೇವರಾಯಸಮುದ್ರದ ಕೆರೆಯಾಚೆಗಿನ ನಮ್ಮ ಊರಿನಿಂದ ಒಂದಷ್ಟು ಹೆಂಗಸರು ಕೋಲಾರದ ಮೇಲೆ ಹಾದು ವೇಮಗಲ್ಲಿನ ಫ್ಯಾಕ್ಟರಿಗೆ ಹೋಗುತ್ತೇವೆ. ನಮ್ಮನ್ನು ಕರೆದೊಯ್ಯುವ ವ್ಯಾನು ಅವನದು. ಮುಂದಿನ ಸೀಟು ನನಗೇ ಮೀಸಲು. ಹಿಂದೆ ಕೂತರೆ ನನಗೆ ವಾಂತಿ ಬರುತ್ತದೆ, ವಾಂತಿಗಿಂತ ಮುಂಚೆ ಸಿಟ್ಟು ಬರುತ್ತದೆ. ಅದಕ್ಕೇ ಯಾರೂ ತಕರಾರು ಮಾಡುವುದಿಲ್ಲ.

ಹುರುಳಿ ಕಿತ್ತ ಮೇಲೆ ನಮ್ಮ ಕಡೆ ಈಗ ಯಾರೂ ಕಣ ಮಾಡುವುದಿಲ್ಲ. ಗಿಡವನ್ನು ತಂದು ಟಾರು ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಹತ್ತಿ ಇಳಿದು ಕಾಯಿ ಒಡೆಯುತ್ತದೆ, ಸಂಜೆಗೆ ಕಾಳು ಗುಡಿಸಿಕೊಂಡರಾಯಿತು. ಗಾಡಿಯವರೂ ಬೇಜಾರು ಮಾಡಿಕೊಳ್ಳದೆ, ವೇಗ ತಗ್ಗಿಸಿ, ಬೇಕೆಂದೇ ಅದರ ಮೇಲೆ ಹತ್ತಿಸಿಕೊಂಡು ಹೋಗುತ್ತಾರೆ. ಕದಿರೇಶನ ತಾಯಿ ಮುನಿಯಲ್ಲಮ್ಮನಿಗಂತೂ ಅದು ಹಬ್ಬ. "ನಾ ಕೊಡುಕು ಬಂಡಿ ಕಣೇ, ನನ್ ಮಗನ್ ಗಾಡಿ! ಒಂದ್ಸಲ ಹತ್ತಿಸಿದ್ರೆ ಸಾಕು, ಕಾಳು ತಾನಾಗೇ ಉದುರ್ತದೆ" ಎಂದು ಊರಿಗೆಲ್ಲ ಸಾರುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳಿಗೆ ಹೆಗ್ಗಣದ ಗಾಡಿಯೂ ಮುದ್ದು.

ಆವತ್ತು ಬೆಳಿಗ್ಗೆ ಅವರ ಮನೆಯಲ್ಲಿ ಜಗಳ. ಅತ್ತೆ ಸೊಸೆ ಜಗಳ ದಿನಾ ಇದ್ದದ್ದೇ. ಆದರೆ ಆವತ್ತು ಸೊಸೆ ಶೋಭಾರಾಣಿ ಮಗಳನ್ನು ಎತ್ತಿಕೊಂಡು ಶ್ರೀನಿವಾಸಪುರದ ತವರಿಗೆ ಬಸ್ಸು ಹತ್ತಿಬಿಟ್ಟಳು. ಗೋಡೆಯಾಚೆಯಿಂದ ನನಗೆ ಎಲ್ಲ ಕೇಳಿಸಿತು. "ನಾನು ಸತ್ರೆ ನಿಂಗೆ ನೆಮ್ಮದಿ, ಅಲ್ವೇನೋ?" ಎಂದಳು ಮುನಿಯಲ್ಲಮ್ಮ. ಅವನು ರೋಸಿಹೋಗಿ, "ಹೂಂ, ನೆಮ್ಮದಿ! ಸಾಯಿ ಹೋಗು!" ಎಂದ. ಇಂಥ ಮಾತು ಆಡದ ಮಗ ನಮ್ಮ ಬೀದಿಯಲ್ಲಿ ಯಾರಿದ್ದಾನೆ? ಊಟದ ಹೊತ್ತಿಗೆ ಮರೆತುಹೋಗುವ ಮಾತದು.

ಮಧ್ಯಾಹ್ನದ ಶಿಫ್ಟಿಗೆ ವ್ಯಾನು ಹೊರಟಿತು. ಹೊರಟಿದ್ದೇ ತಡ, ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಫೋನಿನಲ್ಲಿ ಕಂಟ್ರಾಕ್ಟರ್ ಅಮರನಾಥ್ ಬಾಯಿ ತೆರೆದ. ಮಾಲೂರಿನಿಂದ ಬರುವ ವ್ಯಾನು ಕೆಟ್ಟಿದೆ, ಅದಕ್ಕಾಗಿ ಕೋಲಾರದಲ್ಲಿ ಕಾಯುತ್ತಿರುವ ಹುಡುಗಿಯರನ್ನೂ ನೀನೇ ಹತ್ತಿಸಿಕೋ ಅಂತ. ಯಾರ‍್ಯಾರು ಎಲ್ಲೆಲ್ಲಿ ನಿಂತಿದ್ದಾರೆ, ಯಾರನ್ನು ಮೊದಲು ಹತ್ತಿಸಬೇಕು, ಯಾವ ಕಡೆ ತಿರುಗಿದರೆ ಫ್ಯಾಕ್ಟರಿ ಗೇಟು ಮುಚ್ಚುವುದರೊಳಗೆ ಮುಟ್ಟಬಹುದು, ಎಲ್ಲ ಬಾಯಿಮಾತಿನಲ್ಲೇ.

"ಸರ್, ಮನೇಲಿ ಸ್ವಲ್ಪ..." ಎಂದ ಕದಿರೇಶ್.

"ಮನೆ ಎಲ್ರಿಗೂ ಐತೆ ಕಣಯ್ಯ. ಇವತ್ತೂ ಲೇಟಾದ್ರೆ ರೂಟ್ ಬೇರೆಯವ್ನಿಗೆ" ಎಂದು ಆತ ಇಟ್ಟ.

ಅದರ ಬೆನ್ನಿಗೇ ಹೆಂಡತಿಯ ಫೋನು. ಅವಳು ಬರೀ ಅತ್ತಳು. ಕದಿರೇಶ್ ಬೆವರುತ್ತಿದ್ದ. ತುಟಿ ಅಲ್ಲಾಡುತ್ತಿತ್ತು, ಕೋಲಾರದ ಸ್ಟಾಪುಗಳ ಹೆಸರನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ. ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು. ಬೇಕಾದರೆ ದೇವರ ಮುಂದೆ ಕರ್ಪೂರ ಹಚ್ಚಿ ಹೇಳುತ್ತೇನೆ.

ನಾನು ಹಿಂದೆ ತಿರುಗಿ ಗಲಾಟೆ ಮಾಡುತ್ತಿದ್ದವರನ್ನು ಗದರಿ ಮುಂದೆ ತಿರುಗುವಷ್ಟರಲ್ಲಿ ವ್ಯಾನು ನಿಧಾನವಾಯಿತು. ಮುಂದೆ ಮುನಿಯಲ್ಲಮ್ಮನ ಹುರುಳಿ. ಅದರ ನಡುವೆ, ಅದೇ ಬಣ್ಣದ ಮಾಸಿದ ಸೀರೆಯುಟ್ಟು, ಕುಕ್ಕರಗಾಲಲ್ಲಿ ಕೂತು ಆಗಲೇ ಉದುರಿದ್ದ ಕಾಳು ಗುಡಿಸುತ್ತಿದ್ದ ಮುನಿಯಲ್ಲಮ್ಮ. ಬೇರೆ ಯಾರದಾದರೂ ಗಾಡಿಯಾಗಿದ್ದರೆ ಎದ್ದು ಪಕ್ಕಕ್ಕೆ ಓಡುತ್ತಿದ್ದಳು. ಇದು ಮಗನ ಗಾಡಿ. ತಲೆಯೆತ್ತಿ ನೋಡಿದಳು, ಬೆಳಿಗ್ಗೆಯ ಜಗಳ ಮರೆತು ಪೊರಕೆ ಹಿಡಿದ ಕೈ ಎತ್ತಿ ನಕ್ಕಳು. ಅವನೂ ನೇರ ಅವಳನ್ನೇ ನೋಡುತ್ತಿದ್ದ. ನೋಡುತ್ತಲೇ ಹತ್ತಿಸಿದ.

ನಾನು ಕಿರುಚಿದೆ. ಅಷ್ಟರಲ್ಲಿ ಆಗಿಹೋಗಿತ್ತು.

"ಹುರುಳಿ ಹುಲ್ಲು, ಸುನಂದಕ್ಕ. ಬರೀ ಹುಲ್ಲು ಕಾಣಿಸ್ತು" ಎಂದು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲೇ ಗೋಳಾಡಿದ. ನಾನು ಅವನನ್ನು ನಂಬಿದೆ, ಈಗಲೂ ನಂಬುತ್ತೇನೆ. ತಲೆ ತುಂಬಿ ತುಳುಕುತ್ತಿದ್ದರೆ ಹೆತ್ತ ತಾಯಿಯೂ ಒಳಗೆ ಇಳಿಯುವುದಿಲ್ಲ.

ಸೊಂಟ ಮುರಿದಿತ್ತು, ಒಳಗೂ ಏಟು ಬಿದ್ದಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಪೊಲೀಸರು ಬಂದಾಗ ಮುನಿಯಲ್ಲಮ್ಮ ಉಸಿರು ಕೂಡಿಸಿಕೊಂಡು, "ನಾನೇ ಕಾಲ್ಜಾರಿ ಗಾಡಿಗೆ ಅಡ್ಡ ಬಿದ್ದೆ ಸ್ವಾಮಿ, ನನ್ ಮಗಂದೇನೂ ತಪ್ಪಿಲ್ಲ" ಎಂದಳು. ಅವರು ಬರೆದುಕೊಂಡು ಹೋದರು. ಕದಿರೇಶ್ ಬಾಗಿಲಲ್ಲಿ ನಿಂತಿದ್ದ. ಆ ಸುಳ್ಳು ಕೇಳಿ ಅವನ ಮುಖ ಬಿಳಿಚಿಕೊಂಡಿತು.

ಅವಳು ಯಾಕೆ ಹಾಗೆಂದಳು, ಇವನು ಯಾಕೆ ಬಿಳಿಚಿಕೊಂಡ ಎಂಬುದು ಅವನು ಟೀ ತರಲು ಹೋದಾಗ ನನಗೆ ಗೊತ್ತಾಯಿತು. "ಕಾಲ್ಜಾರ‍್ಲಿಲ್ಲ ಕಣೇ" ಎಂದಳು ಮುನಿಯಲ್ಲಮ್ಮ, ನನ್ನ ಕೈ ಹಿಡಿದು. "ನನ್ನ ನೋಡ್ದ. ಗಾಡಿ ನಿಧಾನ ಮಾಡ್ದ. ಆಮೇಲೆ ಬಂದ."

"ಹುಲ್ಲಿಗೆ ನಿಧಾನ ಮಾಡಿದ್ದು ದೊಡ್ಡಮ್ಮ! ಎಲ್ರೂ ಮಾಡ್ತಾರಲ್ಲ! ಅವ್ನಿಗೆ ನೀನು ಕಾಣ್ಲೇ ಇಲ್ಲ."

"ಪಕ್ಕದಲ್ಲೇ ಇದ್ಯಲ್ಲ, ನೀನೇ ಹೇಳು. ಅವ್ನ್ ಕಣ್ಣು ನನ್ನ ಮೇಲೆ ಇರ್ಲಿಲ್ವಾ?"

ಊರಿಗೆಲ್ಲ ಬಾಯಿ ಮಾಡುವ ನಾನು ಆಗ ಅವಳ ಹೊದಿಕೆ ಸರಿಮಾಡತೊಡಗಿದೆ. ಇತ್ತಲ್ಲ. ಅವನ ಕಣ್ಣು ಅವಳ ಮೇಲೇ ಇತ್ತಲ್ಲ.

"ಪೋನೀಲೇ, ಹೋಗ್ಲಿ ಬಿಡು" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಬೆಳಿಗ್ಗೆ ಹೇಳಿದ್ದ, ಮಾಡ್ದ. ಸಿಟ್ಟಿನ್ ಕೈಗೆ ಬುದ್ಧಿ ಎಲ್ಲಿರ್ತದೆ? ನನ್ ಮಗ ತಾನೇ. ಯಾರಿಗೂ ಹೇಳಲ್ಲ, ನೀನೂ ಹೇಳ್ಬೇಡ."

ಆಮೇಲೆ ಅವಳು ಬದುಕಿದ್ದಷ್ಟು ದಿನ ಅವನು ದಿನವೂ ಅವಳ ಕಾಲು ಹಿಡಿದು ಅತ್ತ. "ಅಮ್ಮಾ, ಕಾಣ್ಲಿಲ್ಲಮ್ಮಾ." ಅವಳು ಪ್ರತಿಸಲವೂ ಅವನ ತಲೆ ಸವರಿ, "ಆಗ್ಲಿ ಬಿಡೋ, ನಾನು ಕ್ಷಮಿಸ್ಬಿಟ್ಟಿದ್ದೀನಿ" ಎನ್ನುತ್ತಿದ್ದಳು. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಮಾಡದ ಪಾಪಕ್ಕೆ ಕ್ಷಮೆ ಸಿಕ್ಕರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ಹಾಗೆ ತಲೆ ಸವರುತ್ತಲೇ ಒಂದು ದಿನ ಅವಳ ಕೈ ನಿಂತಿತು.

ರೂಟು ಬೇರೆಯವನ ಪಾಲಾಗಿದೆ. ಆ ಹೊಸ ಡ್ರೈವರನಿಗೂ ಅಮರನಾಥನ ಫೋನು ಬರುತ್ತಲೇ ಇರುತ್ತದೆ. ನಾನು ಮುಂದಿನ ಸೀಟಿನಲ್ಲಿ ಕೂತು, ಹಾಸಿದ ಹುರುಳಿ ಕಂಡಾಗಲೆಲ್ಲ ಡ್ಯಾಶ್‌ಬೋರ್ಡಿಗೆ ಬಡಿದು ಅವನನ್ನು ನಿಲ್ಲಿಸುತ್ತೇನೆ. ಅವನು ಈ ಹೆಂಗಸಿಗೆ ಹುಚ್ಚು ಅಂದುಕೊಂಡಿದ್ದಾನೆ.

ತಿಥಿಯ ದಿನ ಕದಿರೇಶ್ ಎಲೆಯ ಮುಂದಿನಿಂದ ಎದ್ದು ಬಂದು ಕೇಳಿದ್ದ. "ಸುನಂದಕ್ಕ, ಕೊನೇಗಾದ್ರೂ ನಂಬಿದ್ಲಾ? ನಿಂಗೇನಾದ್ರೂ ಹೇಳಿದ್ಲಾ?"

"ನಂಬಿದ್ಲು ಕಣೋ" ಎಂದೆ. "ನನ್ ಮಗನಿಗೆ ಕಾಣ್ಲಿಲ್ಲ ಅಂತ ಅವ್ಳೇ ಹೇಳಿದ್ಲು."

ಅವನು ನನ್ನ ಮುಖವನ್ನೇ ನೋಡುತ್ತ ನಿಂತ. ಈ ಸಲ ಅವನಿಗೆ ಎಲ್ಲ ಕಾಣಿಸಿತು. ತಿರುಗಿ ಹೋಗಿ ಎಲೆಯ ಮುಂದೆ ಕೂತ.