ತೊಟ್ಟಿಲ್ಲದ ಗಂಟು

ಹಾಜರಾಳಿಗೆ ಸಾಕುಸಾಕಾಗಿ ಹೋಗಿತ್ತು. ನಾಲ್ಕು ತಿಂಗಳಿಂದ ಎಡಭುಜದ ಮೇಲೊಂದು ಗಂಟು. ಭದ್ರಾವತಿ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುವ ಗಂಡ ಖಲಂದರ್ ಅದು ಉದುರಿಹೋಗಲೆಂದು ವಾರಕ್ಕೊಮ್ಮೆ ಬುಡಕ್ಕೆ ಕುದುರೆ ಬಾಲದ ಕೂದಲು ಬಿಗಿಯುತ್ತಿದ್ದ. ಬೆಳಗಾದರೆ ಕೂದಲು ಹಾಸಿಗೆಯಲ್ಲಿ, ಗಂಟು ಭುಜದ ಮೇಲೆ! ಊರಲ್ಲಿ ಯಾರಿಗೆ ನರಹುಲಿ ಎದ್ದರೂ ಇವನ ಹತ್ತಿರವೇ ಬರುತ್ತಿದ್ದರು. ಕೊಟ್ಟು ಕೊಟ್ಟು ಆ ಬಡಕುದುರೆಯ ಬಾಲ ಬೋಳಾಗುತ್ತಾ ಬಂದಿತ್ತು. ಮಹಾರಾಯನ ಜಂಬದಲ್ಲಿ ಮಾತ್ರ ಒಂದೆಳೆಯೂ ಉದುರಿರಲಿಲ್ಲ.

ಕೊನೆಗೆ ಹಾಜರಾ ಗಂಡನಿಗೆ ಹೇಳದೆ ಆಸ್ಪತ್ರೆಗೆ ಹೋದಳು. ಡಾಕ್ಟರು ನೋಡಿ, “ಬೆಳೀತಾ ಇದೆ, ತಡ ಮಾಡ್ಬೇಡಿ. ಮಂಗಳವಾರ ಕೊಯ್ದು ತೆಗೆಯೋಣ” ಎಂದು ಚೀಟಿ ಬರೆದುಕೊಟ್ಟರು. ಅದರ ಮೇಲೆ ಗಂಡನ ರುಜು ಬೇಕಿತ್ತು.

“ನನ್ನ ಹೆಂಡ್ತೀನೇ ಕತ್ತಿ ಕೆಳಗೆ ಮಲಗಿದ್ರೆ ನಾಳೆ ಊರೋರು ಏನಂತಾರೆ?” ಎಂದ ಖಲಂದರ್. “ಹಿಂದಿನ ಬೀದಿ ಸಣ್ಣಮ್ಮನ್ನ ನೋಡು. ಎಂಟು ತಿಂಗಳಿಂದ ಬೆನ್ನ ಮೇಲಿನ ಗಂಟಿಗೆ ಕೂದಲು ಕಟ್ಟಿಸ್ಕೋತಾ ಇದಾರೆ. ಒಂದು ದಿನಾನಾದ್ರೂ ಬೇಜಾರು ಮಾಡ್ಕೊಂಡಿದಾರಾ?”

“ಆ ಕೂದಲು ನಿಮ್ಮ ನಾಲಿಗೆಗೇ ಬಿಗ್ಕೊಳ್ಳಿ!” ಎಂದು ಹಾಜರಾ ಪಾತ್ರೆ ಕುಕ್ಕಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಚೀಟಿಯಲ್ಲಿ ‘ಸೆಸೈಲ್’ ಎಂಬ ಇಂಗ್ಲಿಷ್ ಶಬ್ದವಿತ್ತು. ಅದರ ಅರ್ಥ ತಿಳಿಯುವವರೆಗೆ ರುಜು ಹಾಕುವುದಿಲ್ಲವೆಂದು ಖಲಂದರ್ ಹಟ ಹಿಡಿದ. ಔಷಧಿ ಅಂಗಡಿಯವನು ಅದು ಕಾಯಿಲೆಯ ಹೆಸರೆಂದ. ವಕೀಲರ ಗುಮಾಸ್ತ ಮುಲಾಮಿನ ಹೆಸರೆಂದ. ಮೂರು ದಿನ ಊರೆಲ್ಲ ಆ ಶಬ್ದ ನೋಡಿತು. ಅವಳ ಭುಜ ನೋಡಿದವರು ಒಬ್ಬರೂ ಇಲ್ಲ. ಹಾಜರಾಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

ಸೋಮವಾರ ಸಂಜೆ ಎದುರುಮನೆಯ ಶಾಮಲಾ ಕಾಲೇಜಿನಿಂದ ಬಂದಳು. ದಿನಾ ರೈಲಲ್ಲಿ ಶಿವಮೊಗ್ಗಕ್ಕೆ ಹೋಗಿ ಸಸ್ಯಶಾಸ್ತ್ರ ಓದುವ ಹುಡುಗಿ. ಹಾಜರಾ ಅವಳನ್ನು ಕೈಹಿಡಿದು ಒಳಗೆ ಗಂಡನ ಮುಂದೆ ಕರೆತಂದು ಚೀಟಿ ತೋರಿಸಿದಳು.

“ಅಯ್ಯೋ, ಇದು ನಮ್ಮ ಪುಸ್ತಕದಲ್ಲೇ ಇದೆಯಲ್ಲ! ತೊಟ್ಟಿಲ್ಲದ್ದು ಅಂತ. ಎಕ್ಕದ ಎಲೆ ಇಲ್ವಾ, ತೊಟ್ಟೇ ಇಲ್ದೆ ಕೊಂಬೆಗೆ ಅಂಟ್ಕೊಂಡು ಕೂತಿರುತ್ತೆ, ಹಂಗೆ. ಮೈಮೇಲಿನ ಗಂಟಿಗೂ ಡಾಕ್ಟರು ಹಂಗೇ ಬರೀತಾರಂತೆ. ಕಾಯಿಲೆ ಹೆಸರಲ್ಲ ಸಾಬ್ರೇ.”

“ಕಾಯಿಲೆ ಅಲ್ಲ ಅಂದ್ಮೇಲೆ ಕೊಯ್ಯೋದ್ಯಾಕೆ?” ಎಂದ ಖಲಂದರ್, ಗೆದ್ದವನ ಹಾಗೆ.

ಹಾಜರಾಳ ತಾಳ್ಮೆ ಅಲ್ಲಿಗೆ ಮುಗಿಯಿತು. ಹೊರಗೆ ಹೋಗಿ ಅರಳಿಯದೊಂದು, ಎಕ್ಕದ್ದೊಂದು ಕೊಂಬೆ ಮುರಿದು ತಂದು ಗಂಡನ ಮುಂದೆ ಬಿಸಾಡಿದಳು. “ಕಟ್ಟಿ! ಎರಡಕ್ಕೂ ನಿಮ್ಮ ಕೂದಲು ಕಟ್ಟಿ, ನೋಡೇಬಿಡೋಣ!”

ಅರಳಿ ಎಲೆಯ ಉದ್ದ ತೊಟ್ಟಿಗೆ ಕೂದಲು ಕಚ್ಚಿಕೊಂಡು ಕೂತಿತು. ಎಕ್ಕದ ಎಲೆಯಲ್ಲಿ ಕೂದಲಿಗೆ ಹಿಡಿಯಲು ಜಾಗವೇ ಇರಲಿಲ್ಲ. ಜಾರಿತು. ಖಲಂದರ್ ಇನ್ನೊಮ್ಮೆ ಕಟ್ಟಿದ, ಮತ್ತೂ ಒಮ್ಮೆ ಕಟ್ಟಿದ. ಬೆರಳಿಗೆಲ್ಲ ಎಕ್ಕದ ಹಾಲು ಮೆತ್ತಿತು. ಆಮೇಲೆ ಮೊದಲ ಸಲ ಹೆಂಡತಿಯ ಸೆರಗು ಸರಿಸಿ ಭುಜವನ್ನು ಸರಿಯಾಗಿ ನೋಡಿದ. ಕೈ ಒರೆಸಿಕೊಂಡು ಉರ್ದುವಿನಲ್ಲಿ ರುಜು ಹಾಕಿದ. ಆ ರಾತ್ರಿ ಊಟ ಮಾಡಲಿಲ್ಲ.

ಮಂಗಳವಾರ ಜಟಕಾ ಆಸ್ಪತ್ರೆಯ ದಾರಿ ಬಿಟ್ಟು ಹಿಂದಿನ ಬೀದಿಗೆ ತಿರುಗಿತು.

“ಈಗಿನ್ನೆಲ್ಲಿಗೆ ಹೊರಟ್ರಿ?” ಹಾಜರಾ ರೇಗಿದಳು.

ಖಲಂದರ್ ಕೆಳಗಿಳಿದು ಸಣ್ಣಮ್ಮನ ಬಾಗಿಲು ಬಡಿದ. ಮುದುಕಿ ಎಂದಿನಂತೆ ಬೆನ್ನು ತಿರುಗಿಸಿ ಜಗಲಿಯ ಮೇಲೆ ಕೂತಳು.

“ಬೇಡಮ್ಮ, ಎದ್ದೇಳಿ, ಗಾಡಿ ಹತ್ತಿ” ಎಂದ. “ಇವತ್ತು ಕೂದಲು ತಂದಿಲ್ಲ.”